ರಾಟೆಯ ಮುಂದೆ ಪುಟ್ಟ ಕ್ಯಾಮೆರಾ

ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾದ ‘ಆಟೊ’ ಮೋಡ್ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಒಂದೇ ಕಡೆ ನೋಡಬೇಕೆಂದರೆ ನೂಲುವ ಕೊಠಡಿಗೆ ಹೋಗಬೇಕು. ಎದುರಿಗೆ ಬಿಳಿ ನೂಲಿನ ರಾಶಿ, ಅದರ ಹಿಂದೆ ಕಣ್ಣು ಕುಕ್ಕುವ ಕಿಟಕಿ, ಸೂರಿನ ಕೆಳಗೆ ಅರೆಗತ್ತಲು, ಆ ಕತ್ತಲನ್ನು ಅಷ್ಟಿಷ್ಟು ಓಡಿಸುವ ಟ್ಯೂಬ್‌ಲೈಟು. ನಡುವೆ ರೊಯ್ಯನೆ ತಿರುಗುವ ಕದಿರು, ಕಿವಿಗೆ ಬಡಿಯುವ ಮಗ್ಗದ ಸದ್ದು, ಗಾಳಿಯಲ್ಲೆಲ್ಲ ಹತ್ತಿಯ ಧೂಳು. ಇಷ್ಟನ್ನೂ ಒಮ್ಮೆಗೇ ಎದುರಿಸುವ ತಾಕತ್ತು ಆಟೊ ಮೋಡ್‌ಗೆ ಇಲ್ಲ. ಅದು ಸರಾಸರಿ ದೃಶ್ಯಕ್ಕೆಂದು ಲೆಕ್ಕ ಹಾಕಿಟ್ಟ ವ್ಯವಸ್ಥೆ.

ಮೈಸೂರು ಜಿಲ್ಲೆಯವರಿಗೆ ಅಂಥ ಕೊಠಡಿ ಎಂದರೆ ಮೊದಲು ನೆನಪಾಗುವುದು ಬದನವಾಳು. ನಂಜನಗೂಡಿನಿಂದ ಚಾಮರಾಜನಗರದ ಕಡೆಗೆ ಹೊರಟರೆ ಸಿಗುವ ಊರು. ಗಾಂಧೀಜಿ ವಿಶ್ರಾಂತಿಗೆಂದು ಮೈಸೂರು ಸಂಸ್ಥಾನದಲ್ಲಿ ತಿಂಗಳುಗಟ್ಟಲೆ ಉಳಿದಿದ್ದ 1927ರಲ್ಲೇ ಇಲ್ಲಿ ಖಾದಿ ಕೇಂದ್ರ ಶುರುವಾಯಿತು. ರಂಗಕರ್ಮಿ ಪ್ರಸನ್ನ 2015ರಲ್ಲಿ ‘ಬದನವಾಳು ಸತ್ಯಾಗ್ರಹ’ಕ್ಕೆ ಕೂತಿದ್ದು ಇಲ್ಲೇ. 2022ರ ಗಾಂಧಿ ಜಯಂತಿಯಂದು ಭಾರತ್ ಜೋಡೊ ಯಾತ್ರೆ ಇಲ್ಲಿಗೆ ಬಂದಾಗ ದೇಶದ ದೊಡ್ಡ ದೊಡ್ಡ ಕ್ಯಾಮೆರಾಗಳೆಲ್ಲ ಬಂದವು. ಈ ಲೇಖನ ಆ ಕ್ಯಾಮೆರಾಗಳವರಿಗಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಸೈಬರ್‌ಶಾಟ್, ಪವರ್‌ಶಾಟ್, ಕೂಲ್‌ಪಿಕ್ಸ್, ಲ್ಯೂಮಿಕ್ಸ್‌ಗಳನ್ನು ಈಗಿನ ಹುಡುಗ ಹುಡುಗಿಯರು ಮತ್ತೆ ಹೊರಗೆ ತೆಗೆಯುತ್ತಿದ್ದಾರಲ್ಲ, ಅವರಿಗೆ. ಕಾಲೇಜಿನ ಪ್ರಾಜೆಕ್ಟಿಗೋ ಊರಿನ ದಾಖಲೆಗೋ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಇಟ್ಟುಕೊಂಡು ಹೊರಡುವವರಿಗೆ.

ಮೆನುವಿನಲ್ಲಿ ಐವತ್ತು ಆಯ್ಕೆಗಳಿರುತ್ತವೆ. ಎಲ್ಲವನ್ನೂ ಕಲಿಯಬೇಕಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತಿದ್ದಬಹುದಾದವು ಯಾವುವು, ತಿದ್ದಲಾಗದವು ಯಾವುವು ಎಂದು ಬೇರೆ ಮಾಡಿಕೊಂಡರೆ ಸಾಕು. ಬಣ್ಣದ ಗಾಢತೆ, ಕಾಂಟ್ರಾಸ್ಟ್, ಕಪ್ಪು ಬಿಳುಪು ಇವೆಲ್ಲ ಮೊದಲನೆಯ ಗುಂಪು. ಅವುಗಳ ತಂಟೆಗೆ ಹೋಗುವುದು ಬೇಡ. ಕೈ ಅಲುಗಿ ಮಸುಕಾದದ್ದು, ಬಿಳಿ ಸುಟ್ಟುಹೋದದ್ದು, ವಿಡಿಯೊದಲ್ಲಿ ಪಟ್ಟೆ ಬಿದ್ದದ್ದು, ಮಾತು ಕೇಳಿಸದೆ ಹೋದದ್ದು, ತಾರೀಖು ತಪ್ಪಿದ್ದು ಎರಡನೆಯ ಗುಂಪು. ಬಟನ್ ಒತ್ತುವ ಮೊದಲು ತಲೆ ಕೆಡಿಸಿಕೊಳ್ಳಬೇಕಾದ್ದು ಇವುಗಳ ಬಗ್ಗೆ ಮಾತ್ರ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಗಡಿಯಾರ. ಬಹಳ ಕಾಲ ಬಳಸದ ಕ್ಯಾಮೆರಾದಲ್ಲಿ ತಾರೀಖು ಅಳಿಸಿ, ತಯಾರಾದ ವರ್ಷದ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ. ಗಡಿಯಾರ ನಡೆಸುವ ಪುಟ್ಟ ಬ್ಯಾಟರಿಯೊಂದು ಹಲವು ಕ್ಯಾಮೆರಾಗಳ ಒಳಗೇ ಇರುತ್ತದೆ. ಚಾರ್ಜ್ ಮಾಡಿದ ದೊಡ್ಡ ಬ್ಯಾಟರಿ ಹಾಕಿ ಒಂದು ದಿನ ಬಿಟ್ಟರೆ ಅದೂ ತುಂಬಿಕೊಳ್ಳುತ್ತದೆ. ಹಾಗಾಗಿ ಬ್ಯಾಟರಿ ಹಾಕಿ, ಮಾರನೆಯ ದಿನ ತಾರೀಖು ಕೂಡಿಸಿ. ದಾಖಲೆಗೆಂದು ತೆಗೆದ ಚಿತ್ರದ ಬೆಲೆಯ ಅರ್ಧ ಭಾಗ ತಾರೀಖಿನಲ್ಲೇ ಇರುತ್ತದೆ. ಆದರೆ ಆ ತಾರೀಖನ್ನು ಚಿತ್ರದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಅಚ್ಚು ಹಾಕುವ ಆಯ್ಕೆಯನ್ನು ಮರೆಯದೆ ಆಫ್ ಮಾಡಿ. ಫೈಲಿನ ಒಳಗೆ ತಾರೀಖು ಹೇಗೂ ದಾಖಲಾಗುತ್ತದೆ. ಮೂಲೆಯಲ್ಲಿ ಅಚ್ಚಾದದ್ದು ಚಿತ್ರದ ಭಾಗವಾಗಿಬಿಡುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಎರಡನೆಯದು ಕಾರ್ಡು. ಎಸ್‌ಡಿಎಚ್‌ಸಿ ಎಂದರೆ 32 ಜಿಬಿವರೆಗಿನದು, ಎಸ್‌ಡಿಎಕ್ಸ್‌ಸಿ ಅದಕ್ಕಿಂತ ದೊಡ್ಡದು. ಎಸ್‌ಡಿಎಕ್ಸ್‌ಸಿ ಬಂದದ್ದೇ 2009ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಕ್ಯಾಮೆರಾಕ್ಕೆ 64 ಜಿಬಿ ಕಾರ್ಡ್ ಹಾಕಿದರೆ ಅದು ಗುರುತಿಸದೆ ಹೋಗಬಹುದು. ವೇಗಕ್ಕೆ ‘ಕ್ಲಾಸ್ 10’ ಎಂಬ ಗುರುತು ನೋಡಿ. ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯಬಲ್ಲದು ಎಂದರ್ಥ. 1080 ವಿಡಿಯೊಗೆ ಇಷ್ಟು ಸಾಕು. 4ಕೆ ಇರುವ ಹೊಸ ಕ್ಯಾಮೆರಾವಾದರೆ ಯು3 ಎಂದು ಬರೆದ ಕಾರ್ಡು ಬೇಕು, ಅದು ಕನಿಷ್ಠ 30 ಎಂಬಿ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಫಾರ್ಮ್ಯಾಟ್ ಮಾಡುವುದಕ್ಕೂ ಮೊದಲು ಮೆನುವಿನೊಳಗೆ ಹೋಗಿ ‘ಪಾಲ್/ಎನ್‌ಟಿಎಸ್‌ಸಿ’ ಎಂಬ ಆಯ್ಕೆ ಹುಡುಕಿ. ಕೆಲವು ಕೂಲ್‌ಪಿಕ್ಸ್‌ಗಳಲ್ಲಿ ಇದು ಫ್ರೇಮ್ ರೇಟ್ ಎಂಬ ಹೆಸರಿನಲ್ಲಿ 25 ಮತ್ತು 30 ಎಂದು ಇರುತ್ತದೆ. ಅಮೆರಿಕದಿಂದಲೋ ಜಪಾನಿನಿಂದಲೋ ನೆಂಟರು ತಂದುಕೊಟ್ಟ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿ ಇರುವುದೇ ಹೆಚ್ಚು. ಅದನ್ನು ಪಾಲ್‌ಗೆ ಬದಲಿಸಿ. ಕಾರಣ ಮುಂದೆ ಹೇಳುತ್ತೇನೆ. ಸೋನಿಯ ಕೆಲವು ಮಾದರಿಗಳಲ್ಲಿ ಹೀಗೆ ಬದಲಿಸಿದರೆ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಲೇಬೇಕಾಗುತ್ತದೆ. ಅರ್ಧ ಚಿತ್ರೀಕರಣ ಮುಗಿದ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ.

ಚಿತ್ರದ ಗಾತ್ರ, ಗುಣಮಟ್ಟದ ಬಗ್ಗೆ ಹೆಚ್ಚು ಯೋಚಿಸಬೇಡಿ. ಗಾತ್ರ ಇರುವುದರಲ್ಲೆಲ್ಲ ದೊಡ್ಡದು, ಗುಣಮಟ್ಟ ‘ಫೈನ್’. ಎ4 ಅಳತೆಯ ಒಳ್ಳೆಯ ಮುದ್ರಣಕ್ಕೆ ಸುಮಾರು 9 ಮೆಗಾಪಿಕ್ಸೆಲ್ ಸಾಕು ಎನ್ನುವುದು ನಿಜ. ಆದರೆ ದೂರದಿಂದ ತೆಗೆದ ಚಿತ್ರವನ್ನು ಆಮೇಲೆ ಕತ್ತರಿಸಿಕೊಳ್ಳುವ ಅವಕಾಶ ಇರಲಿ. ಡಿಜಿಟಲ್ ಜೂಮ್ ಆಫ್ ಮಾಡಿ. ಅದು ಮಾಡುವುದೂ ಈ ಕತ್ತರಿಸುವ ಕೆಲಸವನ್ನೇ, ನಿಮ್ಮನ್ನು ಕೇಳದೆ.

ಕದಿರು ನಿಲ್ಲಬೇಕೋ ತಿರುಗಬೇಕೋ

ಇನ್ನು ಕೊಠಡಿಯ ಒಳಗೆ. ಹೊರಗಿನ ಬಿಸಿಲಿನಿಂದ ಹೆಂಚಿನ ಸೂರಿನ ಕೆಳಗೆ ಬಂದಾಗ ನಮ್ಮ ಕಣ್ಣು ಅರೆ ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಹೀಗಾಗಿ ಬೆಳಕು ಎಷ್ಟು ಕಡಿಮೆಯಾಗಿದೆ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಅದು ಶಟರನ್ನು 1/15, 1/8 ಸೆಕೆಂಡಿಗೆ ಇಳಿಸುತ್ತದೆ, ಇಲ್ಲವೇ ಐಎಸ್‌ಒ ಏರಿಸುತ್ತದೆ, ಎರಡೂ ಸಾಲದಾದರೆ ಫ್ಲ್ಯಾಶ್ ಎಬ್ಬಿಸುತ್ತದೆ.

ನೂಲುವವರ ಚಿತ್ರಕ್ಕೆ ಇಲ್ಲಿ ನಿರ್ಧಾರವಾಗಬೇಕಾದ ಮುಖ್ಯ ಸಂಗತಿ ಶಟರ್ ವೇಗ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ರಾಟೆಯ ಪಕ್ಕ ಕೂತು ಒಂದೇ ಕೋನದಿಂದ ಮೂರು ವೇಗಗಳಲ್ಲಿ ತೆಗೆದು ನೋಡಿ. 1/500ರಲ್ಲಿ ಕೈ ನಿಂತಿರುತ್ತದೆ, ಹಿಡಿಕೆ ನಿಂತಿರುತ್ತದೆ, ಎಳೆಯೂ ಸ್ಪಷ್ಟ. ಆದರೆ ನೋಡಿದವರು ರಾಟೆ ಕೆಟ್ಟು ನಿಂತಿದೆಯೇ ಎಂದು ಕೇಳಿದರೆ ಆಶ್ಚರ್ಯವಿಲ್ಲ. 1/125ರಲ್ಲಿ ಹಿಡಿಕೆಯ ತುದಿ ಮಾತ್ರ ಸ್ವಲ್ಪ ಕದಡುತ್ತದೆ. ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಕ್ಯಾಮೆರಾ ಅಲುಗಿತೇನೋ ಎಂಬ ಅನುಮಾನ ಬರುತ್ತದೆ. 1/30ಕ್ಕೆ ಇಳಿಸಿದಾಗ ಹಿಡಿಕೆ ತಿರುಗಿಸುವ ಕೈ ಬಿಲ್ಲಿನ ಹಾಗೆ ಒಂದು ಕಮಾನು ಎಳೆಯುತ್ತದೆ, ಕದಿರುಗಳು ಬರೀ ಹೊಳಪಾಗುತ್ತವೆ, ಮುರಿದ ಎಳೆಯನ್ನು ಸೇರಿಸಲು ಕಾಯುತ್ತಿರುವ ಇನ್ನೊಂದು ಕೈ ಮತ್ತು ಮುಖ ಅಲ್ಲಾಡದೆ ಉಳಿಯುತ್ತವೆ. ನನ್ನ ಆಯ್ಕೆ ಇದೇ. ಕೆಲಸ ನಡೆಯುತ್ತಿದೆ ಎಂದು ಚಿತ್ರದಲ್ಲಿ ಕಾಣಬೇಕು.

1/30ರಲ್ಲಿ ನಿಮ್ಮ ಕೈ ಮಾತ್ರ ಅಲುಗಬಾರದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಸಾಧ್ಯವಾದರೆ ನೆಲದ ಮೇಲೆ ಕೂತು ಮಂಡಿಯ ಮೇಲೆ ಆನಿಸಿ. ಜೂಮ್ ಮುಟ್ಟಬೇಡಿ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಫೋಕಲ್ ದೂರ (35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ) ಎಷ್ಟೋ ಶಟರ್ ವೇಗವೂ ಕನಿಷ್ಠ ಅಷ್ಟಿರಲಿ ಎನ್ನುವುದು ಹಳೆಯ ಲೆಕ್ಕ: 25 ಮಿ.ಮೀ.ಗೆ 1/25, 200 ಮಿ.ಮೀ.ಗೆ 1/200. ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ಸ್ವಲ್ಪ ಸಡಿಲ ಸಿಗುತ್ತದೆ. ಜೂಮಿನಲ್ಲಿ ಇನ್ನೊಂದು ನಷ್ಟವೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಲೆನ್ಸಿನ ಮೇಲೆ 3.3–6.3 ಎಂಬಂಥ ಅಂಕಿ ಬರೆದಿರುತ್ತಾರೆ. ಮೊದಲನೆಯದು ಅಗಲ ನೋಟದಲ್ಲಿ ಸಿಗುವ ಅಪರ್ಚರ್, ಎರಡನೆಯದು ಪೂರ್ತಿ ಜೂಮ್‌ನಲ್ಲಿ. ಒಳಗೆ ಬರುವ ಬೆಳಕು ಹೆಚ್ಚು ಕಡಿಮೆ ನಾಲ್ಕನೆಯ ಒಂದು ಪಾಲಿಗೆ ಇಳಿದಿರುತ್ತದೆ. ಅಗಲದಲ್ಲಿ 1/60 ಸಿಗುತ್ತಿದ್ದ ಜಾಗದಲ್ಲಿ ಜೂಮ್ ಎಳೆದರೆ 1/15. ಹತ್ತಿರದಿಂದ ಬೇಕೆಂದರೆ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ, ಕೇಳಿಕೊಂಡು.

ಐಎಸ್‌ಒ ಎಷ್ಟು ಏರಿಸಬಹುದು ಎನ್ನುವುದು ಸೆನ್ಸರಿನ ಅಳತೆಯ ಮೇಲೆ ಹೋಗುತ್ತದೆ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚಿನ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರಲ್ಲಿ 400 ನಿಶ್ಚಿಂತೆ, 800 ಪರವಾಗಿಲ್ಲ, 1600ರಲ್ಲಿ ನೂಲಿನ ಎಳೆಗಳು ಕರಗಿ ಹಿಟ್ಟಿನ ಮುದ್ದೆಯಂತಾಗುತ್ತವೆ. 2012ರಲ್ಲಿ ಸೋನಿ ತಂದ ಆರ್‌ಎಕ್ಸ್100 ಮತ್ತು ಆಮೇಲೆ ಬಂದ ಅದರ ಜಾತಿಯ ಕ್ಯಾಮೆರಾಗಳಲ್ಲಿ ‘1 ಇಂಚಿನ’ ಸೆನ್ಸರ್ ಇದೆ. ಅದರ ವಿಸ್ತೀರ್ಣ ನಾಲ್ಕು ಪಟ್ಟು, ಹಾಗಾಗಿ 1600 ಕೂಡ ಅದಕ್ಕೆ ಭಾರವಲ್ಲ. ‘ಆಟೊ ಐಎಸ್‌ಒ’ದ ಮೇಲಿನ ಮಿತಿಯನ್ನು ನಿಗದಿ ಮಾಡುವ ಅವಕಾಶವಿದ್ದರೆ ಈ ಅಂಕಿಗಳನ್ನು ಅಲ್ಲಿ ಕೂಡಿಸಿಬಿಡಿ.

ನಿಮ್ಮ ಕ್ಯಾಮೆರಾದಲ್ಲಿ ಶಟರ್ ಬದಲಿಸುವ ಎಸ್ ಅಥವಾ ಟಿವಿ ಮೋಡ್ ಇಲ್ಲವೆ? ಅಗ್ಗದ ಮಾದರಿಗಳಲ್ಲಿ ಇರುವುದಿಲ್ಲ. ‘ಪ್ರೋಗ್ರಾಂ’ ಮೋಡಿಗೆ ಹೋಗಿ, ಫ್ಲ್ಯಾಶ್ ಆಫ್ ಮಾಡಿ, ಐಎಸ್‌ಒ ಒಂದನ್ನೇ ಮೇಲೆ ಕೆಳಗೆ ಮಾಡಿ. ಐಎಸ್‌ಒ ಇಳಿಸಿದರೆ ಶಟರ್ ತಾನೇ ನಿಧಾನವಾಗುತ್ತದೆ, ಏರಿಸಿದರೆ ಚುರುಕಾಗುತ್ತದೆ. ಬಟನ್ ಅರ್ಧ ಒತ್ತಿದಾಗ ಪರದೆಯಲ್ಲಿ ವೇಗ ಕಾಣುತ್ತದೆ. ‘ಸ್ಪೋರ್ಟ್ಸ್’ ಎಂಬ ಓಟಗಾರನ ಚಿತ್ರ ವೇಗ ಏರಿಸುವ ಇನ್ನೊಂದು ದಾರಿ.

ಮಗ್ಗದ ಲಾಳಿಯ ಲೆಕ್ಕ ಬೇರೆ. ನೇಯುವವರು ಹಗ್ಗ ಎಳೆದೊಡನೆ ಅದು ಹಾಸಿನ ನಡುವೆ ಆ ಕಡೆಯಿಂದ ಈ ಕಡೆಗೆ ಹಾರಿ ಮಾಯ. ಅದನ್ನು ನಿಲ್ಲಿಸಿ ಹಿಡಿಯಲು 1/1000 ಬೇಕು, ಅಷ್ಟು ಬೆಳಕು ಕೊಠಡಿಯಲ್ಲಿ ಇರುವುದಿಲ್ಲ. ಸ್ಥಿರಚಿತ್ರದಲ್ಲಿ ಲಾಳಿಯ ಆಸೆ ಬಿಡಿ. ಹಲಗೆ ಹೊಡೆಯುವ ಕೈಯನ್ನು ತೆಗೆಯಿರಿ. ಲಾಳಿ ಬೇಕೇ ಬೇಕೆಂದರೆ ವಿಡಿಯೊದಲ್ಲಿ ಸೆಕೆಂಡಿಗೆ 50 ಫ್ರೇಮ್ ಇಟ್ಟು ತೆಗೆದು, ಆಮೇಲೆ ಅರ್ಧ ವೇಗಕ್ಕೆ ಇಳಿಸಿ ತೋರಿಸಬಹುದು.

ವಿಡಿಯೊದಲ್ಲಿ ಓಡುವ ಪಟ್ಟೆ

ಪಾಲ್ ಏಕೆ ಎಂದಿರಲ್ಲ, ಇದಕ್ಕೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು. ಒಂದೊಂದು ಸುತ್ತಿನಲ್ಲೂ ಎರಡು ಸಲ ಏರುವುದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗಿ ಉರಿಯುತ್ತದೆ. ನಮ್ಮ ಕಣ್ಣಿಗೆ ತಿಳಿಯದು. ಕ್ಯಾಮೆರಾದ ಸೆನ್ಸರ್ ಸಾಲು ಸಾಲಾಗಿ ಮೇಲಿನಿಂದ ಕೆಳಕ್ಕೆ ಓದಿಕೊಳ್ಳುವುದರಿಂದ ಒಂದು ಸಾಲಿಗೆ ಬೆಳಕು ಏರಿದ ಹೊತ್ತು, ಇನ್ನೊಂದಕ್ಕೆ ಇಳಿದ ಹೊತ್ತು ಸಿಗುತ್ತದೆ. ಗೋಡೆಯ ಮೇಲೆ, ಬಿಳಿ ಬಟ್ಟೆಯ ಮೇಲೆ ಕಪ್ಪು ಪಟ್ಟೆಗಳು ತೇಲಿಕೊಂಡು ಹೋಗುತ್ತವೆ. ಅಡ್ಡಲಾಗಿ ಹಾಸು ಹೊಕ್ಕಿನ ಗೆರೆಗಳಿರುವ ಬಟ್ಟೆಯ ಮೇಲೆ ಈ ಪಟ್ಟೆ ಬಿದ್ದರೆ ಯಾವುದು ನೇಯ್ಗೆ, ಯಾವುದು ದೋಷ ಎಂದೇ ತಿಳಿಯುವುದಿಲ್ಲ.

ಮದ್ದು ಸುಲಭ. ಶಟರ್ ತೆರೆದಿರುವ ಕಾಲ ಬೆಳಕಿನ ಬಡಿತಕ್ಕೆ ಸರಿಯಾಗಿ ಭಾಗವಾಗಬೇಕು. 1/100 ಇಟ್ಟರೆ ಪ್ರತಿ ಫ್ರೇಮಿಗೂ ಒಂದು ಪೂರ್ತಿ ಬಡಿತ, 1/50 ಇಟ್ಟರೆ ಎರಡು. ಎಲ್ಲ ಸಾಲಿಗೂ ಸಮಪಾಲು, ಪಟ್ಟೆ ಮಾಯ. 1/60, 1/125 ಇಟ್ಟರೆ ಪಾಲು ತಪ್ಪುತ್ತದೆ. ಎನ್‌ಟಿಎಸ್‌ಸಿಯಲ್ಲಿ ಫ್ರೇಮ್ 30 ಅಥವಾ 60, ಶಟರ್ ಹೆಚ್ಚಾಗಿ 1/60ರ ಸುತ್ತಮುತ್ತ ಓಡುತ್ತದೆ. ಅಮೆರಿಕದ 60 ಸುತ್ತಿನ ವಿದ್ಯುತ್ತಿಗೆ ಅದು ಸರಿ, ಬದನವಾಳಿಗೆ ಅಲ್ಲ. ಪಾಲ್‌ಗೆ ಬದಲಿಸಿದೊಡನೆ ಹಲವು ಕ್ಯಾಮೆರಾಗಳಲ್ಲಿ ಫ್ರೇಮ್ 25 ಅಥವಾ 50 ಆಗುತ್ತದೆ. ಶಟರನ್ನು ನಾವೇ ಕೂಡಿಸಲು ಬಾರದ ಕ್ಯಾಮೆರಾದಲ್ಲೂ ಅರ್ಧಕ್ಕರ್ಧ ಕಾಟ ಇದರಿಂದಲೇ ಹೋಗುತ್ತದೆ. ಮದುವೆ ವಿಡಿಯೊ ತೆಗೆಯುವವರಿಗೆ ಇದು ಕರತಲಾಮಲಕ, ಮೆನು ತೆರೆಯದ ನಮ್ಮಂಥವರಿಗೆ ಮಾತ್ರ ಗುಟ್ಟು. ಎಲ್‌ಇಡಿ ದೀಪವಾದರೆ ಹೇಳಲು ಬಾರದು. ಕೆಲವು ಸ್ಥಿರವಾಗಿ ಉರಿಯುತ್ತವೆ, ಅಗ್ಗದವು ಟ್ಯೂಬ್‌ಲೈಟಿಗಿಂತ ಹೆಚ್ಚು ಮಿಡಿಯುತ್ತವೆ. ಹತ್ತು ಸೆಕೆಂಡು ತೆಗೆದು, ಅಲ್ಲೇ ಪರದೆಯಲ್ಲಿ ಗೋಡೆಯನ್ನು ನೋಡಿ ಮುಂದುವರಿಯಿರಿ.

ಫೈಲಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎವಿಸಿಎಚ್‌ಡಿ ಎಂಬ ವಿಡಿಯೊ ಫಾರ್ಮ್ಯಾಟಿನ 24 ಮೆಗಾಬಿಟ್ ಗುಣಮಟ್ಟ ಎಂದರೆ ಸೆಕೆಂಡಿಗೆ 3 ಎಂಬಿ, ನಿಮಿಷಕ್ಕೆ 180. 32 ಜಿಬಿ ಕಾರ್ಡಿನಲ್ಲಿ ಮೂರು ಗಂಟೆಗೆ ತುಸು ಕಡಿಮೆ. ಕಾರ್ಡಿಗಿಂತ ಮೊದಲು ಬ್ಯಾಟರಿ ಮುಗಿಯುತ್ತದೆ, ಇನ್ನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಬಹಳಷ್ಟು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ, ಕೆಟ್ಟಿತೆಂದು ಗಾಬರಿಯಾಗಬೇಡಿ. ಅರ್ಧ ಗಂಟೆ ಅಥವಾ ಹೆಚ್ಚು ದಾಖಲಿಸುವ ಯಂತ್ರವನ್ನು ಯುರೋಪಿನ ಸುಂಕದವರು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ತೆರಿಗೆ ಹಾಕುತ್ತಿದ್ದರು, ಅದನ್ನು ತಪ್ಪಿಸಿಕೊಳ್ಳಲು ಮಾಡಿದ ಉಪಾಯ. ಅಲ್ಲಿನ ತೆರಿಗೆಗೆ ಇಲ್ಲಿನ ಅಜ್ಜಿಯ ಮಾತು ನಡುವೆ ತುಂಡಾಗಬಾರದಲ್ಲ, ಇಪ್ಪತ್ತೈದು ನಿಮಿಷಕ್ಕೊಮ್ಮೆ ನೀವೇ ನಿಲ್ಲಿಸಿ ಮತ್ತೆ ಶುರು ಮಾಡಿ.

ಕೋರಾ ಬಟ್ಟೆಯ ಬಿಳುಪು

ಬಿಳಿ ನೂಲಿನ ರಾಶಿಯನ್ನು ಆಟೊದಲ್ಲಿ ತೆಗೆದರೆ ಬೂದು ಬಣ್ಣದ ರಾಶಿ ಬರುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕ ಲೋಕವೆಲ್ಲ ಮಧ್ಯಮ ಬೂದು ಎಂದು ನಂಬಿಕೊಂಡಿದೆ. ಬಿಳಿ ತುಂಬಿದ ದೃಶ್ಯ ಕಂಡರೆ ‘ಬೆಳಕು ಜಾಸ್ತಿಯಾಯಿತು’ ಎಂದು ಇಳಿಸುತ್ತದೆ. ಪ್ಲಸ್ ಮೈನಸ್ ಗುರುತಿನ ಬಟನ್ ಇರುವುದು ಇದಕ್ಕೇ. ಫ್ರೇಮ್ ತುಂಬ ಲಡಿಗಳಿದ್ದರೆ +0.7 ಅಥವಾ +1. ಆದರೆ ಕಿಟಕಿಯ ಬಿಸಿಲು ನೇರ ನೂಲಿನ ಮೇಲೆ ಬಿದ್ದಿದ್ದರೆ ಅಷ್ಟು ಏರಿಸಬೇಡಿ, ಎಳೆಗಳೆಲ್ಲ ಸುಟ್ಟು ಬಿಳಿಯ ಚಪ್ಪಡಿಯಾಗುತ್ತದೆ. ಜೆಪೆಗ್ ಫೈಲಿನಲ್ಲಿ ಕತ್ತಲೆಯನ್ನು ಸ್ವಲ್ಪ ಎತ್ತಬಹುದು. ಸುಟ್ಟ ಬಿಳಿಯಲ್ಲಿ ಎಳೆ ಹುಡುಕಲು ಸಾಧ್ಯವಿಲ್ಲ. ಹಿಸ್ಟೋಗ್ರಾಂ ಎಂಬ ಗುಡ್ಡದ ಚಿತ್ರ ಪರದೆಯಲ್ಲಿ ಬರುವಂತೆ ಮಾಡಿಕೊಂಡು, ಗುಡ್ಡ ಬಲ ಗೋಡೆಗೆ ಡಿಕ್ಕಿ ಹೊಡೆಯದಂತೆ ನೋಡಿ.

ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಬೇಕೆಂದರೆ ಇದಕ್ಕೆ ಉಲ್ಟಾ. ಕಿಟಕಿ ಸುಟ್ಟರೆ ಸುಡಲಿ, +1ಕ್ಕೆ ಏರಿಸಿ. ಇನ್ನೂ ಒಳ್ಳೆಯ ದಾರಿ ನೀವು ಜಾಗ ಬದಲಿಸಿ ಕಿಟಕಿ ಪಕ್ಕಕ್ಕೆ ಬರುವ ಹಾಗೆ ನಿಲ್ಲುವುದು. ಎಚ್‌ಡಿಆರ್ ಇಲ್ಲಿ ಉಪಯೋಗಕ್ಕೆ ಬಾರದು: ಅದು ಎರಡು ಮೂರು ಚಿತ್ರ ಸೇರಿಸುತ್ತದೆ, ರಾಟೆ ಅಷ್ಟರಲ್ಲಿ ತಿರುಗಿರುತ್ತದೆ.

ಬಣ್ಣದ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ವೈಟ್ ಬ್ಯಾಲೆನ್ಸ್ ಕೂಡಿಸಲು ಬಿಳಿ ಬಟ್ಟೆಯ ಮುಂದೆ ಕ್ಯಾಮೆರಾ ಹಿಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ. ಖಾದಿ ಕೇಂದ್ರದಲ್ಲಿ ಬಿಳಿ ಬಟ್ಟೆಗೇನು ಬರ, ಅದನ್ನೇ ಹಿಡಿದರೆ? ಕೋರಾ ಬಟ್ಟೆ ನಿಜವಾಗಿ ಬಿಳಿಯಲ್ಲ. ಚಲುವೆ ಮಾಡದ ಹತ್ತಿಗೆ ಕೆನೆಯ ಹಳದಿ ಛಾಯೆ ಇರುತ್ತದೆ. ಅದರ ಮೇಲೆ ಬ್ಯಾಲೆನ್ಸ್ ಕೂಡಿಸಿದರೆ ಕ್ಯಾಮೆರಾ ಆ ಹಳದಿಯನ್ನು ತಪ್ಪೆಂದು ತಿಳಿದು ಅಳಿಸಿ, ಇಡೀ ಕೊಠಡಿಗೆ ನೀಲಿ ಬಳಿಯುತ್ತದೆ. ಮಿಲ್ಲಿನ ಪಂಚೆಗೂ ಖಾದಿಗೂ ವ್ಯತ್ಯಾಸ ತೋರಿಸುವ ಬಣ್ಣವೇ ಅದು, ಅದನ್ನೇ ಕಳೆದುಕೊಂಡ ಹಾಗಾಯಿತು. ನೀಲಿ ಹಾಕಿ ಒಗೆದ ಅಂಗಿಯೂ ಇದಕ್ಕೆ ಆಗದು, ಅದು ಇನ್ನೊಂದು ಕಡೆಗೆ ಎಳೆಯುತ್ತದೆ. ಕ್ಯಾಮೆರಾ ಅಂಗಡಿಯ ಬೂದು ಕಾರ್ಡು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಿಟಕಿಯ ಬೆಳಕು ಹೆಚ್ಚಿರುವ ಕಡೆ ‘ಡೇಲೈಟ್’, ಮೋಡವಿದ್ದರೆ ‘ಕ್ಲೌಡಿ’ ಎಂದು ಕೂಡಿಸಿ ಅಲ್ಲಿಗೇ ಬಿಡಿ. ‘ಆಟೊ’ ಮಾತ್ರ ಬೇಡ. ಅದು ನೂಲು ಕಂಡಾಗ ಒಂದು ಬಣ್ಣ, ಸೀರೆ ಕಂಡಾಗ ಇನ್ನೊಂದು ಬಣ್ಣ ಕೊಡುತ್ತದೆ; ವಿಡಿಯೊ ನಡುವೆಯೇ ಬದಲಾಗುವುದೂ ಉಂಟು. ಕಿಟಕಿಯೂ ಟ್ಯೂಬ್‌ಲೈಟೂ ಕೂಡಿದ ಕಡೆ ಎರಡನ್ನೂ ಸರಿ ಮಾಡಲಾಗದು, ಮುಖದ ಮೇಲೆ ಯಾವುದು ಬಿದ್ದಿದೆಯೋ ಅದನ್ನು ನಂಬಿ. ದೀಪ ಆರಿಸಿ ಎಂದು ಕೆಲಸ ಮಾಡುವವರನ್ನು ಕೇಳಬೇಡಿ. ಅವರ ಕೂಲಿ ನೂತ ಲಡಿಯ ಲೆಕ್ಕದಲ್ಲಿ ಬರುತ್ತದೆ, ನಿಮ್ಮ ಚಿತ್ರದ ಲೆಕ್ಕದಲ್ಲಿ ಅಲ್ಲ.

ಫ್ಲ್ಯಾಶ್ ಬೇಡ ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೂ ಒಮ್ಮೆ ಹಾಕಿ ನೋಡಿದರೆ ಏಕೆಂದು ತಿಳಿಯುತ್ತದೆ. ಬರಿಗಣ್ಣಿಗೆ ಕಾಣದ ಹತ್ತಿಯ ನಾರು ಲೆನ್ಸಿನ ಮುಂದೆ ತೇಲುತ್ತಿರುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇರುವುದರಿಂದ ಆ ಬೆಳಕು ನಾರಿಗೆ ಬಡಿದು ನೇರ ಒಳಗೆ ಬರುತ್ತದೆ. ಚಿತ್ರದ ತುಂಬ ದುಂಡನೆಯ ಬಿಳಿ ಚುಕ್ಕೆಗಳು, ದೆವ್ವದ ಕಥೆ ಹೇಳುವವರಿಗೆ ಸಾಕ್ಷಿಯಾಗುವಂಥವು. ಇದೇ ನಾರು ಕ್ಯಾಮೆರಾದ ಆಯುಸ್ಸಿಗೂ ಕೇಡು. ಆನ್ ಮಾಡಿದಾಗ ಹೊರಬರುವ ಲೆನ್ಸಿನ ಕೊಳವೆಗೆ ಅಂಟಿ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಒಳಗೆ ಸೆನ್ಸರಿನ ಮೇಲೆ ಕೂತರೆ ಇಡೀ ಕ್ಯಾಮೆರಾ ಬಿಚ್ಚದೆ ತೆಗೆಯಲಾಗದು. ಹಾಗಾಗಿ ಕೊಠಡಿಯಲ್ಲಿ ಇರುವಷ್ಟು ಹೊತ್ತು ಪದೇ ಪದೇ ಆನ್ ಆಫ್ ಮಾಡಬೇಡಿ. ಹೊರಗೆ ಬಂದು, ಮೆತ್ತನೆಯ ಬ್ರಷ್ಷಿನಿಂದ ಕೊಳವೆ ಒರೆಸಿ, ಆಮೇಲೆ ಆಫ್ ಮಾಡಿ. ತಲಕಾಡಿನ ಮರಳಿಗೂ ಇದೇ ಮಾತು. ಅಲ್ಲಿ ಇನ್ನೂ ಕಟ್ಟುನಿಟ್ಟಾಗಿ.

ಮಾತು ಕೇಳಿಸಬೇಕು

ನೋಟ ಸ್ವಲ್ಪ ಕೆಟ್ಟರೂ ಜನ ವಿಡಿಯೊ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಕಾಂಪ್ಯಾಕ್ಟ್ ಕ್ಯಾಮೆರಾದ ಮೈಕು ಎರಡು ಸಾಸಿವೆ ಕಾಳಿನಷ್ಟು ತೂತು, ಅದೂ ಹೆಚ್ಚಾಗಿ ಮೇಲ್ಭಾಗದಲ್ಲಿ, ಬೆರಳು ಇಡುವ ಜಾಗದಲ್ಲೇ. ಹೊರಗಿನ ಮೈಕ್ ಚುಚ್ಚಲು ಜಾಗ ಇರುವುದಿಲ್ಲ. ಜೊತೆಗೆ ಸದ್ದಿನ ಮಟ್ಟವನ್ನು ಅದೇ ಏರಿಸಿ ಇಳಿಸಿಕೊಳ್ಳುತ್ತದೆ: ಮಗ್ಗ ಬಡಿದಾಗ ತಗ್ಗಿಸುತ್ತದೆ, ನಿಂತ ಕೂಡಲೇ ಏರಿಸುತ್ತದೆ, ಮಾತು ಅಲೆಯ ಮೇಲೆ ತೇಲಿದಂತೆ ಬರುತ್ತದೆ. ಇದನ್ನು ಮೆನುವಿನಲ್ಲಿ ತಡೆಯುವ ದಾರಿ ಬಹಳಷ್ಟು ಮಾದರಿಗಳಲ್ಲಿ ಇಲ್ಲ. ಹೊರಗಡೆ ತೆಗೆಯುವಾಗ ‘ವಿಂಡ್ ಕಟ್’ ಆನ್ ಮಾಡಿ, ಒಳಗೆ ಬಂದಾಗ ಆಫ್ ಮಾಡಿ. ಅದು ತಗ್ಗು ಸ್ವರಗಳನ್ನೂ ಕತ್ತರಿಸುತ್ತದೆ, ಮಗ್ಗದ ದಪ್ಪ ಸದ್ದು ತೆಳುವಾಗುತ್ತದೆ.

ಸಂದರ್ಶನಕ್ಕೆ ಫೋನನ್ನು ಬಳಸಿ. ಮಾತಾಡುವವರ ಮಡಿಲಲ್ಲೋ ಪಕ್ಕದ ಮಣೆಯ ಮೇಲೋ ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿಟ್ಟು, ಕ್ಯಾಮೆರಾ ಓಡುತ್ತಿರುವಾಗ ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಎಡಿಟ್ ಮಾಡುವಾಗ ಎರಡೂ ಕಡೆಯ ಚಪ್ಪಾಳೆಯ ಸದ್ದನ್ನು ಒಂದಕ್ಕೊಂದು ಕೂಡಿಸಿದರೆ ತುಟಿಗೂ ಮಾತಿಗೂ ಹೊಂದುತ್ತದೆ. ಮಾತನ್ನು ಮಗ್ಗದ ಪಕ್ಕ ಬೇಡ, ಊಟದ ಬಿಡುವಿನಲ್ಲಿ ಜಗುಲಿಯಲ್ಲಿ ಮಾಡಿಸಿ. ಮಗ್ಗದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ತೆಗೆದುಕೊಳ್ಳಿ. ವಿಡಿಯೊ ಓಡುವಾಗ ಜೂಮ್ ಮಾಡಿದರೆ ಅದರ ಮೋಟಾರಿನ ಗುರ್ ಎಂಬ ಸದ್ದೂ ಒಳಗೆ ಬರುತ್ತದೆ. ಫೋಕಸ್ಸನ್ನು ‘ಸಿಂಗಲ್’ಗೆ ಇಡಿ. ‘ಕಂಟಿನ್ಯುಯಸ್’ ಇದ್ದರೆ ಎಳೆ ಹಿಡಿಯಲೋ ಗೋಡೆ ಹಿಡಿಯಲೋ ಎಂದು ಲೆನ್ಸು ಹಿಂದೆ ಮುಂದೆ ತಡಕಾಡುತ್ತಲೇ ಇರುತ್ತದೆ.

ಸುತ್ತಮುತ್ತ

ಬದನವಾಳಿಗೆ ಹೋದವರು ನಂಜನಗೂಡು, ತಿ. ನರಸೀಪುರ ನೋಡದೆ ಬರುವುದಿಲ್ಲ. ಅಲ್ಲಿನ ಸೆಟ್ಟಿಂಗ್ ಬೇರೆ. ನಂಜನಗೂಡಿನ ದೊಡ್ಡ ಜಾತ್ರೆಯ ತೇರು ಬೆಳಗಿನ ಬಿಸಿಲಿನಲ್ಲಿ ಹೊರಡುತ್ತದೆ, ಬೆಳಕಿಗೆ ಕೊರತೆಯಿಲ್ಲ. ಶಟರ್ 1/500, ಐಎಸ್‌ಒ 200, ಒಂದರ ಹಿಂದೆ ಒಂದು ತೆಗೆಯುವ ‘ಬರ್ಸ್ಟ್’. ಹಣ್ಣು ಜವನ ಎಸೆಯುವ ಕೈಗಳನ್ನು ಹಿಡಿಯಲು ಅದು ಬೇಕು. ಕಪಿಲೆ, ಕಾವೇರಿ ಕೂಡುವ ತಿರುಮಕೂಡಲಿನಲ್ಲಿ ನೀರಿನ ಪ್ರತಿಫಲನ ಮಾಪಕಕ್ಕೆ ಮೋಸ ಮಾಡುತ್ತದೆ. ಮೀಯುವವರ ಮುಖ ಕಪ್ಪಾದರೆ +0.7.

ಸೋಮನಾಥಪುರ ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲೇ. 1258ರ ಈ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿತು. ಬಳಪದ ಕಲ್ಲು ಬಿಳಿ ನೂಲಿಗೆ ತದ್ವಿರುದ್ಧ: ಫ್ರೇಮ್ ತುಂಬ ಕಪ್ಪಾದ್ದರಿಂದ ಆಟೊ ಹೆಚ್ಚು ಬೆಳಕು ಕೊಟ್ಟು ಕಲ್ಲನ್ನು ಬೂದು ಮಾಡುತ್ತದೆ, –0.3 ಅಥವಾ –0.7 ಇಡಿ. ಕೆತ್ತನೆಯ ಆಳ ಕಾಣುವುದು ಬಿಸಿಲು ಪಕ್ಕದಿಂದ ಸವರುವಾಗ, ಅಂದರೆ ಬೆಳಿಗ್ಗೆ ಅಥವಾ ಇಳಿಹೊತ್ತು. ನಡು ಮಧ್ಯಾಹ್ನ ಬಂದವರು ಚಿತ್ರ ತೆಗೆಯುವುದಕ್ಕಿಂತ ಕೆತ್ತನೆ ನೋಡಿಕೊಂಡು ಹೋಗುವುದು ಮೇಲು. ಒಳಗಿನ ಭುವನೇಶ್ವರಿಗಳಿಗೆ, ಅಂದರೆ ಕೆತ್ತನೆಯ ಚಾವಣಿಗಳಿಗೆ, ಟ್ರೈಪಾಡ್ ಬೇಕೆನಿಸುತ್ತದೆ, ಆದರೆ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು. ಕಾಂಪ್ಯಾಕ್ಟ್‌ಗೆ ಒಂದು ಸುಖ ಇದೆ: ಲೆನ್ಸು ಮೇಲ್ಮುಖವಾಗಿ ನೆಲದ ಮೇಲೆ ಕರವಸ್ತ್ರ ಹಾಸಿ ಮಲಗಿಸಿ, 2 ಸೆಕೆಂಡಿನ ಟೈಮರ್ ಒತ್ತಿ, ಐಎಸ್‌ಒ 100ರಲ್ಲಿ ಅದರ ಪಾಡಿಗೆ ಅದನ್ನು ಬಿಡಿ. ಅರ್ಧ ಸೆಕೆಂಡು, ಒಂದು ಸೆಕೆಂಡು ತೆರೆದಿದ್ದರೂ ಅಲುಗುವುದಿಲ್ಲ. ಹೀಗೆ ಸ್ಥಿರವಾಗಿ ಇಟ್ಟಾಗ ಅಲುಗಾಟ ತಡೆಯುವ ವ್ಯವಸ್ಥೆಯನ್ನು ಆಫ್ ಮಾಡಿ.

ಬದನವಾಳಿನ ಬೀದಿಗಳಲ್ಲಿ ಮಾತ್ರ ಕ್ಯಾಮೆರಾ ಎತ್ತುವ ಮೊದಲು ಒಂದು ಮಾತು ಕೇಳಿ. ಈ ಊರಿಗೆ ಖಾದಿಯ ಚರಿತ್ರೆ ಇರುವಂತೆ 1993ರಲ್ಲಿ ಮೂವರು ದಲಿತರ ಕೊಲೆಯಾದ ಚರಿತ್ರೆಯೂ ಇದೆ. ಹೊರಗಿನವರ ಕ್ಯಾಮೆರಾವನ್ನು ಇಲ್ಲಿನ ಜನ ಬೇರೆ ಬೇರೆ ಕಾರಣಗಳಿಗೆ ನೋಡಿದ್ದಾರೆ. ಮುಖದ ನಗು ಪತ್ತೆ ಮಾಡಿ ತಾನೇ ಕ್ಲಿಕ್ಕಿಸುವ ‘ಸ್ಮೈಲ್ ಶಟರ್’ ನಿಮ್ಮ ಕ್ಯಾಮೆರಾದಲ್ಲಿದ್ದರೆ ಆಫ್ ಮಾಡಿಡಿ. ಕೇಂದ್ರದಲ್ಲಿ ನೂಲುವವರು, ನೇಯುವವರು ಹೆಚ್ಚಿನಂಶ ಹೆಂಗಸರು. ಯಾರಾದರೂ ಬೇಡವೆಂದರೆ ಕೈ, ರಾಟೆ, ಲಡಿಗಳ ಚಿತ್ರದಲ್ಲೂ ಕೆಲಸವೆಲ್ಲ ಕಾಣುತ್ತದೆ. ಲೆನ್ಸನ್ನು ಕೆಲವೇ ಸೆಂಟಿಮೀಟರ್ ಹತ್ತಿರ ಒಯ್ಯಬಲ್ಲ ಹೂವಿನ ಗುರುತಿನ ಮ್ಯಾಕ್ರೊ ಮೋಡ್ ಇರುವುದು ಹೂವಿಗೆ ಮಾತ್ರ ಅಲ್ಲ. ಅಗಲ ನೋಟದಲ್ಲೇ ಇಟ್ಟು, ಕ್ಯಾಮೆರಾದ ನೆರಳು ಬೀಳದಂತೆ ಕಿಟಕಿಯ ಕಡೆಯಿಂದ ಪಕ್ಕಕ್ಕೆ ಸರಿದು ಹಿಡಿದರೆ, ಮುರಿದ ಎಳೆ ಸೇರಿಸುವ ಜಾಗ ಬೆರಳ ಗೆರೆಗಳ ಸಮೇತ ಸಿಗುತ್ತದೆ.

ಒಪ್ಪಿ ಕೂತವರಿಗೆ ಚಿತ್ರದ ಪ್ರಿಂಟ್ ಕಳಿಸುತ್ತೇನೆ ಎಂದು ಎಲ್ಲರೂ ಹೇಳಿ ಬರುತ್ತಾರೆ. ಕಳಿಸುವುದಾದರೆ ತೆಗೆಯುವಾಗಲೇ ಒಂದು ಲೆಕ್ಕ ನೆನಪಿಡಿ. ಕಾಂಪ್ಯಾಕ್ಟ್‌ಗಳ ಚಿತ್ರ ಸಾಮಾನ್ಯವಾಗಿ 4:3ರ ಆಕಾರ, ಸ್ಟುಡಿಯೊದ 4×6 ಇಂಚಿನ ಕಾಗದ 3:2. ಅಡ್ಡ ಚಿತ್ರದಲ್ಲಿ ಮೇಲೂ ಕೆಳಗೂ ಸೇರಿ ಎತ್ತರದ ಒಂಬತ್ತರಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ತಲೆಯ ಮೇಲೆ ಒಂದಿಷ್ಟು ಜಾಗ ಬಿಟ್ಟು ತೆಗೆಯಿರಿ, ಇಲ್ಲವೇ ಮೆನುವಿನಲ್ಲಿ ಆಕಾರವನ್ನೇ 3:2ಕ್ಕೆ ಬದಲಿಸಿಕೊಳ್ಳಿ.